ನಾಲ್ಕನೆಯ ಮದುಮಗಳು

"ಈ ಲಂಗ ಉಟ್ಕೊಂಡು ನಾನು ಬರೋದಿಲ್ಲ ಅಂದ್ರೆ ಬರೋದಿಲ್ಲ!" ಎಂದು ರೊಜಾಲಿಯಾ ಬಣ್ಣದ ಕೋಣೆಯ ಬಾಗಿಲನ್ನು ಧಡಾರನೆ ಹಾಕಿಕೊಂಡಳು. ಮೊದಲ ಅಂಕ ಆಗಷ್ಟೇ ಮುಗಿದಿತ್ತು. ಎರಡನೆಯ ಅಂಕದ ಮದುಮಗಳು ಅವಳೇ. ನೆರಿಗೆ ನೆರಿಗೆಯ ಕೆಂಪು ಲಂಗ ಹಿಡಿದು ಹೊರಗೆ ನಿಂತಿದ್ದವನು ಹಿನೆಕ್ ದೊಬಿಯಾಶ್; ಈ ಸಂಗೀತ ನಾಟಕವನ್ನು ಬರೆದವನೂ ಅವನೇ, ವಾದ್ಯದವರ ಮುಂದೆ ಕೋಲು ಬೀಸುವವನೂ ಅವನೇ.

"ಹಳ್ಳಿ ಮದುಮಗಳು ಪ್ಯಾರಿಸ್ ರೇಷ್ಮೆ ಗೌನು ಹಾಕ್ತಾಳಾ? ಸ್ವಲ್ಪ ಯೋಚನೆ ಮಾಡಿ."

"ಈ ಲಂಗ ಸಾಕಾಗಿಯೇ ನಾನು ಅಪ್ಪನ ಹಿಟ್ಟಿನ ಗಿರಣಿ ಬಿಟ್ಟು ವಿಯೆನ್ನಾಕ್ಕೆ ಓಡಿದ್ದು, ಮೇಷ್ಟ್ರೇ! ಇದೇ ಊರಿನವರ ಮುಂದೆ ಮತ್ತೆ ಗಿರಣಿ ಹುಡುಗಿ ಆಗಲಾ? ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಚೆಕ್ ಭಾಷೆಯಲ್ಲಿ ಆಪೆರಾ ಎಂದರೆ ರಂಗಮಂದಿರದ ಯಜಮಾನ ಮೊದಲೇ ಮೂಗು ಮುರಿದಿದ್ದ. "ಇವತ್ತು ಜನ ಎದ್ದು ಹೋದ್ರೆ ಸೋಮವಾರದಿಂದ ಮತ್ತೆ ಜರ್ಮನ್ ನಾಟಕಾನೇ" ಎಂದು ಹಿನೆಕನ ಮುಖಕ್ಕೇ ಹೇಳಿದ್ದ. ಮೊದಲ ಅಂಕಕ್ಕೆ ಸಿಕ್ಕಿದ್ದು ಬರೀ ಕೆಮ್ಮು, ಆಕಳಿಕೆ. ಅಷ್ಟರಲ್ಲಿ ಎರಡನೆಯ ಅಂಕದ ಗಂಟೆ ಹೊಡೆಯಿತು. ಉಡುಪು ನೋಡಿಕೊಳ್ಳುವ ಮುದುಕಿ ಬರ್ಬೊರಾ ಹಿನೆಕನ ಕೈಯಿಂದ ಲಂಗ ಕಿತ್ತುಕೊಂಡು ಬಾಗಿಲ ಹಿಡಿಗೆ ಸಿಕ್ಕಿಸಿದಳು. "ನೀನು ಹೋಗಿ ಬಾರಿಸಪ್ಪ. ಇವಳು ಬರೋವರೆಗೂ ನಾನು ಹೇಗಾದ್ರೂ ಸಂಭಾಳಿಸ್ತೀನಿ" ಎಂದಳು.

ಗಂಡು ಹೆಣ್ಣನ್ನು ಕರೆದೊಯ್ಯಲು ಬಂದಾಗ ಮೊದಲು ಮುಸುಕು ಹಾಕಿದ ಮುದುಕಿಯೊಬ್ಬಳನ್ನು ತಂದು ನಿಲ್ಲಿಸಿ ಅವನನ್ನು ಗೋಳುಹೊಯ್ದುಕೊಳ್ಳದೆ ನಮ್ಮ ಚೆಕ್ ಹಳ್ಳಿಗಳ ಕಡೆ ಯಾವ ಮದುವೆಯೂ ನಡೆಯುವುದಿಲ್ಲ. ಹಿನೆಕನ ನಾಟಕದಲ್ಲೂ ಹಾಗೇ. ಬರ್ಬೊರಾ ಮುಸುಕು ಹಾಕಿಕೊಂಡು ಬಳುಕುತ್ತ ಬಂದಳು. ಮದುಮಗ ಮುಸುಕೆತ್ತಿ ನೋಡಿ "ಇವಳಲ್ಲ!" ಎಂದು ಹಾಡಿದ. ಜನ ನಕ್ಕರು. ಈಗ ಬರಬೇಕಾದವಳು ರೊಜಾಲಿಯಾ. ಬಂದದ್ದು ಮಾತ್ರ ಪರದೆಯ ಮರೆಯಿಂದ ಇಣುಕಿದ ಬರ್ಬೊರಾಳ ಮುಖ. ಅದು ಇಲ್ಲ ಎಂದು ಅಡ್ಡಡ್ಡ ಆಡಿತು.

ಹಿನೆಕ್ ಬೆವರೊರೆಸಿಕೊಂಡು ಅದೇ ಸಂಗೀತವನ್ನು ಮೊದಲಿಂದ ಎತ್ತಿಕೊಂಡ. ಈ ಸಲ ಮುಸುಕಿನಲ್ಲಿ ಬಂದವಳು ಮೊಗಸಾಲೆಯಲ್ಲಿ ಬಿಯರ್ ಮಾರುವ ದಢೂತಿ ಹೆಂಗಸು. "ಇವಳಲ್ಲ!" ಎಂದ ಮದುಮಗನ ಜೊತೆ ಹಿಂದಿನ ಸಾಲಿನವರೂ ದನಿಗೂಡಿಸಿದರು. ಮೂರನೆಯ ಸಲ ಹೆಣ್ಣಿನ ಅಪ್ಪನ ಪಾತ್ರಧಾರಿಯೇ ಮುಸುಕು ಹೊದ್ದು ಬಂದ. ಗಿರಿಜಾ ಮೀಸೆ ಎರಡೂ ಕಡೆ ಹೊರಗೆ ಚಾಚಿತ್ತು. "ಇವಳಲ್ಲ!" ಎಂದು ಇಡೀ ರಂಗಮಂದಿರ ಬೆಂಚು ಗುದ್ದಿ ಕೂಗಿತು. ಹೊಟ್ಟೆ ಹಿಡಿದು ನಗುತ್ತಿದ್ದ ಯಜಮಾನನ ಕನ್ನಡಕ ಜಾರಿ ಬಿತ್ತು.

ಒಳಗೆ ಕೂತಿದ್ದ ರೊಜಾಲಿಯಾಗೆ ಈ ನಗು, ಈ ಚಪ್ಪಾಳೆ ತಡೆಯಲಾಗಲಿಲ್ಲ. ತಾನಿಲ್ಲದೆ ತನ್ನ ದೃಶ್ಯ ಗೆಲ್ಲುವುದೆಂದರೇನು! ಬಾಗಿಲು ತೆರೆದು, ರೇಷ್ಮೆ ಗೌನನ್ನು ಸರಬರ ಎಳೆಯುತ್ತ, ತಲೆ ಎತ್ತಿಕೊಂಡು ದೀಪಗಳ ಮುಂದೆ ಬಂದು ನಿಂತಳು. ಹಾಡಲು ಬಾಯಿ ತೆರೆದಳು.

"ಇವಳಲ್ಲ!" ಎಂದರು ಜನ, ಒಂದೇ ಕೊರಳಿನಲ್ಲಿ.

ಹಿನೆಕನ ಕೋಲು ಗಾಳಿಯಲ್ಲೇ ನಿಂತಿತು. ರೊಜಾಲಿಯಾ ಜನರನ್ನು ನೋಡಿದಳು, ತನ್ನ ಗೌನನ್ನು ನೋಡಿಕೊಂಡಳು, ಸರ್ರನೆ ತಿರುಗಿ ಒಳಗೆ ಹೋದಳು. ಮುಗಿಯಿತು, ಇವಳಿನ್ನು ವಿಯೆನ್ನಾದ ಗಾಡಿ ಹತ್ತುವವಳೇ ಎಂದುಕೊಂಡ ಹಿನೆಕ್. ಆದರೂ ಬೇರೇನೂ ತೋಚದೆ ಮತ್ತೆ ಅದೇ ಸಂಗೀತ ನುಡಿಸಿದ. ಮುಗಿದಾಗ ಮತ್ತೆ ಮೊದಲಿಂದ. ಪಿಟೀಲಿನವರು ಹಲ್ಲು ಕಡಿದರು. ಕೊನೆಗೆ ಕೆಂಪು ಲಂಗವೊಂದು ಬಂದು ನಿಂತಿತು. ಮದುಮಗ ಅನುಮಾನದಿಂದಲೇ ಮುಸುಕೆತ್ತಿದ. ಈ ಸಲ ಯಾರೂ ಕೂಗಲಿಲ್ಲ. ತೌರು ಬಿಟ್ಟು ಹೋಗುವ ಹಾಡನ್ನು ರೊಜಾಲಿಯಾ ಹಾಡಿ ಮುಗಿಸಿದಾಗ ಮದುವೆಯಾಗಿ ಹೋದ ಮಗಳಿದ್ದವರೆಲ್ಲ ಅತ್ತರು, ಇಲ್ಲದವರೂ ಅತ್ತರು.

ಪರದೆ ಬಿದ್ದ ಮೇಲೆ ಯಜಮಾನ ಸೋಮವಾರಕ್ಕೂ ಇದೇ ಆಟ ಎಂದು ಸಾರಿದ. ಹಿನೆಕ್ ಮಾತ್ರ ತಪ್ಪು ಮಾಡಿದವನಂತೆ ರೊಜಾಲಿಯಾಳ ಹತ್ತಿರ ಬಂದ.

"ಬೇಜಾರು ಮಾಡ್ಕೋಬೇಡಿ. ನಮ್ಮ ಜನ ಒರಟರು. ಸೋಮವಾರ ಬರ್ಬೊರಾ ಒಬ್ಬಳು, ಆಮೇಲೆ ನೀವು. ಅಷ್ಟೇ."

"ಅದ್ಯಾಕೆ? ಮೂರೂ ಜನ ಇರ್ಲಿ. ನಾಲ್ಕನೆಯವಳಾಗಿ ನಾನು ರೇಷ್ಮೆ ಗೌನಿನಲ್ಲಿ ಬರ್ತೀನಿ. ಬರ್ಕೊಳ್ಳಿ."

"ಜನ ಮತ್ತೆ 'ಇವಳಲ್ಲ' ಅಂತ ಕೂಗ್ತಾರಲ್ಲ!"

"ಕೂಗ್ಲಿ ಬಿಡಿ, ಮೇಷ್ಟ್ರೇ" ಎಂದು ರೊಜಾಲಿಯಾ ಮೂಗು ಒರೆಸಿಕೊಂಡು ನಕ್ಕಳು. "ವಿಯೆನ್ನಾದಲ್ಲಿ ನನ್ನ ದನಿ ಹೊಗಳಿದ್ರು, ಗೌನು ಹೊಗಳಿದ್ರು. 'ಇವಳಲ್ಲ, ನಮ್ಮ ಹುಡುಗಿ ಎಲ್ಲಿ' ಅಂತ ಅಲ್ಲಿ ಒಬ್ಬರಾದ್ರೂ ಕೇಳಿದ್ರಾ?"