ಒಂದು ಭಿನ್ನಮತ

ಮೇಷ್ಟ್ರು ಬಾಗಿಲು ತಳ್ಳಿದೊಡನೆ ಸ್ಟಾಫ್ ರೂಮಿನ ಮಾತು ನಿಂತಿತು.

ವಿಭಾಗದ ಮುಖ್ಯಸ್ಥೆ ಒಂದು ಹಾಳೆಯನ್ನು ಫೈಲಿನಡಿಗೆ ಸರಿಸಿದರು. ಹೊಸ ಉಪನ್ಯಾಸಕ ಕಿಟಕಿಯ ಕಡೆ ತಿರುಗಿದ.

"ಏನೋ ಜೋರು ಚರ್ಚೆ ನಡೀತಿತ್ತು?"

"ಏನಿಲ್ಲ ಸಾರ್. ಹಾಗೇ ಸುಮ್ಮನೆ."

ಮೇಷ್ಟ್ರು ಲೋಟಕ್ಕೆ ನೀರು ತುಂಬಿಕೊಂಡು ಹೊರಬಂದರು. ಬೆನ್ನ ಹಿಂದೆ ಮಾತು ಮತ್ತೆ ಶುರುವಾಯಿತು, ಈ ಸಲ ಪಿಸುದನಿಯಲ್ಲಿ.

ಕಾರಣ ಗೊತ್ತಿದ್ದದ್ದೇ. ಮರುದಿನ ಮತದಾನ. ಮೇಷ್ಟ್ರಿಗೆ ಅರವತ್ತೈದು ತುಂಬುತ್ತಿತ್ತು. ಇನ್ನು ಮೂರು ವರ್ಷ ಅವರನ್ನು ಪಾಠಕ್ಕೆ ಉಳಿಸಿಕೊಳ್ಳಬೇಕೇ ಬೇಡವೇ ಎಂದು ಕಾನೂನು ವಿಭಾಗದ ಹನ್ನೊಂದು ಮಂದಿ ತೀರ್ಮಾನಿಸಬೇಕಿತ್ತು.

ಮೂವತ್ತೆಂಟು ವರ್ಷ ಅವರು ಕಲಿಸಿದ್ದು ಒಂದೇ ವಿಷಯ, ಸಂವಿಧಾನ. ಬರೆದ ಎರಡು ಪುಸ್ತಕಗಳೂ ಒಂಟಿ ನ್ಯಾಯಾಧೀಶರ ಕುರಿತು. ಪೀಠದ ಉಳಿದವರೆಲ್ಲ ಒಂದು ಕಡೆ ಇದ್ದಾಗ ತಾವೊಬ್ಬರೇ ಬೇರೆ ತೀರ್ಪು ಬರೆದವರ ಕುರಿತು. ಬರೆದದ್ದನ್ನೇ ಬದುಕಿದರು ಕೂಡ. ಸಭೆಯಲ್ಲಿ ಎಲ್ಲರೂ ಹೂಂ ಅಂದರೆ ಇವರದು ಊಹೂಂ. ಮುಖ್ಯಸ್ಥೆ ಅವರದೇ ಶಿಷ್ಯೆ. ಆಕೆಯ ಬಡ್ತಿಗೂ ಯಾವುದೋ ಉಪವಿಧಿ ತೋರಿಸಿ ಅಡ್ಡ ನಿಂತಿದ್ದರು. ಹೊಸ ಉಪನ್ಯಾಸಕನ ಮೊದಲ ಲೇಖನವನ್ನು ಕೆಂಪು ಶಾಯಿಯಲ್ಲಿ ತೋಯಿಸಿ ವಾಪಸು ಕೊಟ್ಟಿದ್ದರು. ಊಟದ ಹೊತ್ತಿಗೆ ಅವರ ಮೇಜಿನತ್ತ ಯಾರೂ ಸುಳಿಯುತ್ತಿರಲಿಲ್ಲ. ಅವರೂ ಕರೆಯುತ್ತಿರಲಿಲ್ಲ.

ಮದುವೆಯಾಗಿರಲಿಲ್ಲ. ಇದ್ದೊಬ್ಬ ಅಕ್ಕ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಶನಿವಾರ ಸಂಜೆ ಮನೆ ಸೇರಿದರೆ ಮತ್ತೆ ಬಾಯಿ ತೆರೆಯುವ ಪ್ರಸಂಗ ಬರುತ್ತಿದ್ದುದು ಸೋಮವಾರವೇ. ಹಾಗಾಗಿ ಸೋಮವಾರದ ಮೊದಲ ತರಗತಿಯಲ್ಲಿ ಗಂಟಲು ಕಟ್ಟಿರುತ್ತಿತ್ತು. ಮೇಷ್ಟ್ರಿಗೆ ನೆಗಡಿ ಎಂದುಕೊಳ್ಳುತ್ತಿದ್ದರು ವಿದ್ಯಾರ್ಥಿಗಳು. ತರಗತಿಯೂ ಹೋದರೆ ವಾರವೆಲ್ಲ ಭಾನುವಾರವೇ.

ಮರುದಿನ ಸಭೆ ಸೇರಿತು. ಗುಮಾಸ್ತೆ ಚೀಟಿ ಹಂಚಿದರು. ಹೊಸ ಉಪನ್ಯಾಸಕ ಕೂತಲ್ಲೇ ಮಿಸುಕಾಡಿದ.

"ತಪ್ಪು ತಿಳೀಬೇಡಿ ಸಾರ್. ನಿಮ್ಮದೇ ವಿಷಯ ಇದು. ನೀವೂ ವೋಟು ಹಾಕಬಹುದಾ?"

"ಹಾಜರಿರೋ ಪ್ರತಿಯೊಬ್ಬರೂ ಹಾಕಲೇಬೇಕು. ನಿಯಮ ಓದಿಲ್ವೇನಪ್ಪಾ?"

"ನಿಯಮ ಬರೆದೋರೇ ಅವರು," ಎಂದರು ಮುಖ್ಯಸ್ಥೆ. ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ನಗಲಿಲ್ಲ.

ನಿಜವೇ. ಇಪ್ಪತ್ತು ವರ್ಷದ ಹಿಂದೆ ಒಂದು ಗುಂಪು ತಮ್ಮವರನ್ನೇ ಮತ್ತೆ ಮತ್ತೆ ಮುಂದುವರಿಸುತ್ತಿತ್ತು. ಆಗ ಮೇಷ್ಟ್ರು ಪಟ್ಟು ಹಿಡಿದು ಮಾಡಿಸಿದ ನಿಯಮ ಅದು. ಮತ ಗುಟ್ಟಾಗಿರಬೇಕು. ಎಣಿಸಿದ ಚೀಟಿಗಳನ್ನು ಅಲ್ಲೇ ಹರಿಯಬೇಕು. ಒಂದೇ ಒಂದು 'ಬೇಡ' ಬಂದರೂ ಮುಂದುವರಿಕೆ ಇಲ್ಲ, ಮರುಮತದಾನವೂ ಇಲ್ಲ.

ಮೇಷ್ಟ್ರು ಚೀಟಿಗೆ ಅಂಗೈ ಮರೆ ಹಿಡಿದರು. ಸುತ್ತಲೂ ಬಗ್ಗಿದ ಹತ್ತು ತಲೆಗಳು. ಯಾರೂ ಒಂದು ಗಳಿಗೆಯೂ ಯೋಚಿಸಲಿಲ್ಲ. ಪೆನ್ನುಗಳು ಸರಸರನೆ ಓಡಿ ನಿಂತವು. ಅಷ್ಟೊಂದು 'ಬೇಡ'ಗಳ ನಡುವೆ ಒಂಟಿ 'ಬೇಕು' ಬಿದ್ದರೆ ಅದು ಯಾರದೆಂದು ಹೇಳಿಕೊಡಬೇಕಾಗಿರಲಿಲ್ಲ. ನಾಳೆ ಅದನ್ನೇ ಪಿಸುದನಿಯಲ್ಲಿ ಆಡಿಕೊಂಡು ನಗುತ್ತಾರೆ. ಮೇಷ್ಟ್ರ ಕಿವಿ ಬಿಸಿಯಾಯಿತು. ಎರಡೇ ಅಕ್ಷರ. ಬರೆದು, ನಾಲ್ಕಾಗಿ ಮಡಿಸಿ ಡಬ್ಬಿಗೆ ಹಾಕಿದರು.

ಮುಖ್ಯಸ್ಥೆ ಮೊದಲ ಚೀಟಿ ಬಿಡಿಸಿದರು. "ಬೇಕು."

ಯಾರೋ ಒಬ್ಬರಿಗೆ ಕನಿಕರ ಬಂದಿರಬೇಕು ಎಂದುಕೊಂಡರು ಮೇಷ್ಟ್ರು.

"ಬೇಕು." ಮೂರನೆಯದು, "ಬೇಕು." ನಾಲ್ಕನೆಯದೂ.

ಮೇಷ್ಟ್ರು ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡರು. ಅವರ ಮುಖ ಬಿಳಿಚಿತ್ತು. ಐದು, ಆರು. ಹೊಸ ಉಪನ್ಯಾಸಕ ಅವರ ಕಡೆ ನೋಡಿ ನಸುನಕ್ಕ.

ಏಳನೆಯ ಚೀಟಿಯನ್ನು ಮುಖ್ಯಸ್ಥೆ ಎರಡು ಸಲ ಓದಿಕೊಂಡರು. "ಬೇಡ."

ಉಳಿದ ನಾಲ್ಕೂ 'ಬೇಕು' ಎಂದೇ ಇದ್ದವು. ಹತ್ತಕ್ಕೆ ಒಂದು.

"ಯಾರ್ರೀ ಅದು?" ಹೊಸ ಉಪನ್ಯಾಸಕ ಎದ್ದೇ ನಿಂತ. "ಆ ಕೆಂಪು ಶಾಯಿ ಇಲ್ದಿದ್ರೆ ನನಗೆ ಒಂದು ಪುಟ ನೆಟ್ಟಗೆ ಬರೆಯೋಕೆ ಬರ್ತಿರಲಿಲ್ಲ. ನಿನ್ನೆ ಎಲ್ಲರೂ ಒಪ್ಪಿದ್ರಲ್ಲಾ!"

ಒಬ್ಬರ ಮುಖ ಒಬ್ಬರು ದಿಟ್ಟಿಸಿದರು. ಮುಖ್ಯಸ್ಥೆ ನಿಯಮದಂತೆ ಚೀಟಿಗಳನ್ನು ಹರಿದರು. ಅವರ ಕಣ್ಣು ತುಂಬಿತ್ತು.

"ಕ್ಷಮಿಸಿ ಸಾರ್. ಮುಂದಿನ ವರ್ಷದ ಟೈಮ್ ಟೇಬಲ್ಲಲ್ಲಿ ನಿಮ್ಮ ಹೆಸರು ಬರೆದೂ ಆಗಿತ್ತು. ನಮ್ಮೊಳಗೇ ಇದ್ದು ಹೀಗೆ ಮಾಡಿದೋರನ್ನ ನಾನಂತೂ ಯಾವತ್ತೂ ಕ್ಷಮಿಸಲ್ಲ."

ಮೇಷ್ಟ್ರು ಮೇಜು ಹಿಡಿದು ಎದ್ದರು.

"ಯಾರನ್ನೂ ಬೈಬೇಡಮ್ಮಾ," ಎಂದರು. "ಆ 'ಬೇಡ' ನಂದು."