ಬಾಯಿ ಮುಚ್ಚಿಸುವ ಚಳಿ

ಬಳ್ಳಾರಿಯಲ್ಲಿ ಚಳಿ ಬೀಳುವುದೇ ಅಪರೂಪ. ಅದಕ್ಕೇ ಅಲ್ಲಿಯ ಸಂಸಾರಗಳು ಸುಸೂತ್ರವಾಗಿ ಸಾಗುತ್ತವೆ ಎಂದು ಜನ ಹೇಳುವುದುಂಟು. ಚಳಿಯಲ್ಲಿ ಬಾಯಿಂದ ಹೊರಡುವ ಹಬೆ, ಮನಸ್ಸು ಯಾರಿಗಾಗಿ ಹಂಬಲಿಸುತ್ತದೋ ಅವರ ಮುಖ ತಾಳುತ್ತದೆ. ಹೀಗಾಗಿ ಈ ವಾರ ಊರಿಗೆ ಊರೇ ಬಾಯಿಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿತ್ತು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿಯ ಗಾಡಿಯ ಹತ್ತಿರ ಮಾತ್ರ ಎಲ್ಲರೂ ಬಟ್ಟೆ ಸರಿಸಿ, ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದರು.

ಹುಲಿಗೆಮ್ಮನೂ ಗಂಡ ಎರ್ರಿಸ್ವಾಮಿಗೆ ಬೆನ್ನು ಹಾಕಿ ನಿಂತಿದ್ದಳು. ಚಳಿ ಬಿದ್ದಾಗಲೆಲ್ಲ ಅವಳ ಉಸಿರಿನಲ್ಲಿ ಒಂದೇ ಮುಖ, ಏಳೆಂಟು ವರ್ಷದ ಹಿಂದೆ ತೊಟ್ಟಿಲಲ್ಲೇ ತೀರಿಹೋದ ಮಗಳದು. ಕಂಡರೆ ಎರ್ರಿಸ್ವಾಮಿ ಕುಸಿದಾನೆಂದು ಮುಚ್ಚಿಡುತ್ತ ಬಂದಿದ್ದಳು. ಅವನಂತೂ ಆ ಕೂಸಿನ ಹೆಸರೆತ್ತಿದವನೇ ಅಲ್ಲ.

"ಭಾಳ ಸುಡ್ತೈತಿ, ನೋಡ್ಕೊಂಡು ತಿನ್ರಿ," ಎಂದಳು ಗಾಡಿಯವಳು.

ಅಷ್ಟರಲ್ಲಿ ಎರ್ರಿಸ್ವಾಮಿ ಮಿರ್ಚಿ ಕಚ್ಚಿಯಾಗಿತ್ತು. ಖಾರ ತಡೆಯಲಾರದೆ ಹೆಂಡತಿಯ ಕಡೆ ತಿರುಗಿ, ನೀರು ಕೇಳಲು ಹೋಗಿ, ಉಸ್ ಎಂದ. ಹುಲಿಗೆಮ್ಮ ತಿರುಗಿ ನೋಡಿದಳು.

ಹಬೆಯಲ್ಲಿ ಸೊಟ್ಟಸೊಟ್ಟಗೆ ಎರಡು ಜಡೆ ಹಾಕಿಕೊಂಡ, ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ನಗುತ್ತಿದ್ದಳು. ಇದು ಯಾರ ಮಗಳೋ ಎಂದು ಹುಲಿಗೆಮ್ಮ ಒಂದು ಹೆಜ್ಜೆ ಹತ್ತಿರ ಬಂದಳು. ಆಮೇಲೆ ಗದ್ದದ ಮೇಲಿನ ಮಚ್ಚೆ ಕಂಡಿತು. ತಾನು ದಿನಾ ಮುದ್ದಿಟ್ಟ ಮಚ್ಚೆ ಅದು. ತಾನು ತೊಟ್ಟಿಲಲ್ಲೇ ಬಿಟ್ಟ ಮಗಳನ್ನು ಇವನೊಬ್ಬನೇ ಇಷ್ಟು ದೊಡ್ಡವಳನ್ನಾಗಿ ಬೆಳೆಸಿದ್ದ.

ಎರ್ರಿಸ್ವಾಮಿ ಗಾಬರಿಯಿಂದ ಮಫ್ಲರ್ ಎಳೆದುಕೊಳ್ಳಲು ಹೋದ. ಹುಲಿಗೆಮ್ಮ ಅವನ ಕೈ ಹಿಡಿದಳು.

"ಸಾಲಿಗೆ ಹಾಕೀರೇನು?"

"ಈ ವರ್ಷ ಎರಡನೇ ಕ್ಲಾಸು," ಎಂದ ಅವನು. "ಜಡೆ ಹಾಕೋದೊಂದು ನನಗ ಸರಿಯಾಗಿ ಬರವಲ್ದು."