ಎರಡು ಪೆಡಲಿನ ದಾನಿ

ಗುಜರಿ ಅಂಗಳದಲ್ಲಿ ನಿಂತಿದ್ದ ಕೆಂಪು ಕಾರಿನ ಬಾನೆಟ್ಟಿನ ಮೇಲೆ ಅಂಗೈ ಊರಿ ಕ್ಲೈವ್ ತೀರ್ಪು ಕೊಟ್ಟೇಬಿಟ್ಟ. “ಇದೇ ಕಣೇ, ಲಿನ್. ಇನ್ನು ಹುಡುಕೋ ಮಾತೇ ಇಲ್ಲ.”

ಅವನ ತಂಗಿ ಲಿನೆಟ್ ಊರುಗೋಲನ್ನು ಬಾಗಿಲಿಗೆ ಒರಗಿಸಿ ಕಾರಿನೊಳಕ್ಕೆ ಬಗ್ಗಿದಳು. ಇಪ್ಪತ್ತಾರು ವರ್ಷ ಬಸ್ಸುಗಳ ಒಡಲಲ್ಲಿ ಕೈಯಾಡಿಸಿದ ಮೆಕ್ಯಾನಿಕ್ ಅವಳು. ಕಾಯಿಲೆಯೊಂದು ಎಡಗಾಲನ್ನು ಮೊಣಕಾಲಿನಿಂದ ಕೆಳಗೆ ಕಸಿದುಕೊಂಡ ಮೇಲೆ, ಹ್ಯಾಲಿಫ್ಯಾಕ್ಸಿನ ತನ್ನ ಮನೆಯ ಗ್ಯಾರೇಜಿನಲ್ಲಿ ಉಕ್ಕಿನ ಚೌಕ ಕೊಳವೆಗಳನ್ನು ಬೆಸೆದು, ತಾನೇ ಓಡಿಸಲೆಂದು ಪುಟ್ಟದೊಂದು ತೆರೆದ ಕಾರಿನ ಚೌಕಟ್ಟನ್ನು ಕಟ್ಟಿ ನಿಲ್ಲಿಸಿದ್ದಳು. ಎಂಜಿನ್ನು, ಗೇರ್‌ಬಾಕ್ಸು, ಚಕ್ರಗಳೆಲ್ಲವನ್ನೂ ಅದಕ್ಕೆ ಧಾರೆಯೆರೆದು ತಾನು ಅಳಿಯುವ ಒಂದು ಹಳೆಯ ಕಾರು ಈಗ ಬೇಕಿತ್ತು. ಕಾರು ಕಟ್ಟುವ ಮಂದಿ ಅದನ್ನು ದಾನಿ ಎನ್ನುತ್ತಾರೆ. ಮೈ ಜೀರ್ಣವಾಗಿ ಪ್ರಾಣ ಗಟ್ಟಿಯಾಗಿರುವುದು ಉತ್ತಮ ದಾನಿಯ ಲಕ್ಷಣ. ಅದನ್ನು ಎಳೆದು ತರಬಾರದು. ಕಟ್ಟುವವರು ತಾವೇ ಓಡಿಸಿಕೊಂಡು ಮನೆಗೆ ತರಬೇಕು. ಕಳಚುವ ಮೊದಲು ಅದರ ನರಳಾಟವನ್ನೆಲ್ಲ ಕಿವಿಯಾರೆ ಕೇಳಿಸಿಕೊಳ್ಳಬೇಕೆಂಬುದು ಅವರ ಕ್ಲಬ್ಬಿನ ನೇಮ.

“ಮೂರು ಪೆಡಲು,” ಎಂದಳು ಲಿನೆಟ್, ತಲೆಯನ್ನು ಹೊರಗೆಳೆದು.

“ಮತ್ತೆ? ಕಾರಂದ್ಮೇಲೆ ಮೂರಿರುತ್ತೆ.”

“ಕ್ಲಚ್ ಒತ್ತೋ ಕಾಲು ಆಸ್ಪತ್ರೇಲಿ ಬಿಟ್ಟು ಬಂದಿದೀನಿ.”

ಕ್ಲೈವ್ ಆಗಲೇ ಕೀಲಿಯನ್ನು ಬೆರಳಿಗೆ ಸಿಕ್ಕಿಸಿಕೊಂಡಿದ್ದ. “ಅದಕ್ಕೇ ಹೇಳೋದು. ಇವತ್ತು ಮನೆ ತನಕ ನಾನು ಓಡಿಸ್ತೀನಿ, ನನ್ನ ವ್ಯಾನ್ ಇಲ್ಲೇ ಇರ್ಲಿ. ನಿನ್ನ ಕಾರು ಕಟ್ಟಿ ಮುಗಿದ್ಮೇಲೂ ನಾನೇ ಓಡಿಸ್ತೀನಿ. ನೀನು ಪಕ್ಕದಲ್ಲಿ ಹಾಯಾಗಿ ಕೂತ್ಕೋ. ಸಮುದ್ರದ ದಂಡೆಗೆ ಹೋಗಿ ಮೀನು, ಚಿಪ್ಸು ತಿಂದ್ಕೊಂಡು ಬರೋಣ.”

ಲಿನೆಟ್ ಊರುಗೋಲನ್ನೆತ್ತಿ ಗುಜರಿ ಅಂಗಳದ ಮೂಲೆಯನ್ನು ತೋರಿಸಿದಳು. “ಹೋಲ್ರಾಯ್ಡ್, ಆ ಹಸಿರು ಕಾರಿಗೇನಾಗಿದೆ?”

ಗುಜರಿಯ ಯಜಮಾನ ಚಹಾದ ಮಗ್ಗನ್ನು ಟೈರುಗಳ ರಾಶಿಯ ಮೇಲಿಟ್ಟು ನಕ್ಕ. “ಅದಾ? ಮೈಯೆಲ್ಲ ತುಕ್ಕು ಅನ್ನೋದು ಬಿಟ್ರೆ ಏನೂ ಆಗಿಲ್ಲ ಕಣಮ್ಮ. ಇದೇ ಮಾದರಿ, ಇದೇ ಎಂಜಿನ್ನು. ಆದ್ರೆ ಆಟೊಮ್ಯಾಟಿಕ್, ಕ್ಲಚ್ಚೇ ಇಲ್ಲ. ನಿಮ್ಮ ಕ್ಲಬ್ಬಿನೋರು ಹತ್ರಾನೂ ಸುಳಿಯಲ್ಲ. ಕೆಂಪಿನ ಅರ್ಧ ಬೆಲೆಗೂ ಕೇಳೋರಿಲ್ಲದೆ ಬಿದ್ದಿದೆ.”

ಲಿನೆಟ್ ಹಸಿರು ಕಾರಿನ ಹಿಂಬದಿಯ ಚಕ್ರದ ಮೇಲಿನ ಅಂಚನ್ನು ಊರುಗೋಲಿನ ತುದಿಯಿಂದ ತಿವಿದಳು. ತಗಡು ಹಪ್ಪಳದಂತೆ ಮುರಿದು ಉದುರಿತು. ಅವಳ ಮುಖ ಅರಳಿತು. ಎಂಜಿನ್ ಚಾಲೂ ಮಾಡಿಸಿ ಕಣ್ಣು ಮುಚ್ಚಿ ಆಲಿಸಿದಳು. ಗೇರ್‌ಬಾಕ್ಸಿನ ಎಣ್ಣೆಯನ್ನು ಬೆರಳಿಗೆ ಸವರಿ ಮೂಸಿದಳು. ಸುಟ್ಟ ವಾಸನೆ ಇರಲಿಲ್ಲ.

“ನಿಂಗೆ ತಲೆ ಕೆಟ್ಟಿದೆ,” ಎನ್ನುತ್ತ ಕ್ಲೈವ್ ಹಿಂದೆಯೇ ಬಂದ. “ಇದರ ಗೇರ್‌ಬಾಕ್ಸ್‌ದು ಡೊಳ್ಳುಹೊಟ್ಟೆ. ನಿನ್ನ ಚೌಕಟ್ಟಿನ ನಡುವಿನ ಸಂದೀಲಿ ತೂರೋದೇ ಇಲ್ಲ. ಕ್ಲಬ್ಬಲ್ಲಿ ಮರ್ಯಾದೆ ಬೇರೆ ಹೋಗುತ್ತೆ. ಎರಡೇ ಪೆಡಲಿನ ಗಾಡಿ ಅಂತ ಆಡ್ಕೊಂಡು ನಗ್ತಾರೆ.”

“ನಗ್ಲಿ ಬಿಡು. ನನ್ನ ಲೆಕ್ಕಕ್ಕೆ ಅದರಲ್ಲೂ ಒಂದು ಪೆಡಲ್ ಜಾಸ್ತೀನೇ. ಇನ್ನು ಸಂದಿ ಅಂದ್ಯಲ್ಲ, ಎರಡಿಂಚು ಅಗಲ ಬಿಟ್ಟೇ ಬೆಸೆದಿದೀನಿ.”

ಕ್ಲೈವ್ ತಟ್ಟನೆ ನಿಂತ. “ಅದು ಬೇಕಂತ ಮಾಡಿದ್ದಾ?”

“ಮತ್ತೇನಂದ್ಕೊಂಡೆ?”

“ಅಳತೆ ತಪ್ಪಿದೀಯ ಅಂದ್ಕೊಂಡೆ. ಚಳಿಗಾಲದಲ್ಲೇ ನೋಡಿದ್ದೆ. ಪಾಪ, ಇಷ್ಟೆಲ್ಲ ಅನುಭವಿಸಿದಾಳೆ, ಯಾಕೆ ನೋಯಿಸ್ಬೇಕು ಅಂತ ಸುಮ್ನಿದ್ದೆ.”

ಲಿನೆಟ್ ಅಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಧ್ವನಿ ಏರಲಿಲ್ಲ. “ಅರ್ಧ ಮಿಲಿಮೀಟರ್ ತಪ್ಪಿದ್ರೂ ಬೀದಿಗೆಲ್ಲ ಕೇಳೋ ಹಾಗೆ ಬೈತಿದ್ದೋನು ನೀನು. ಎರಡಿಂಚು ತಪ್ಪಿದೀನಿ ಅಂದ್ಕೊಂಡೂ ಬೈಲಿಲ್ಲ. ಹೋಗಿದ್ದು ಕಾಲು ಕಣೋ ಅಣ್ಣ. ಕಣ್ಣಲ್ಲ.”

ಕ್ಲೈವ್ ಕೆಂಪು ಕಾರಿನ ಕೀಲಿಯನ್ನು ಬೆರಳಿನಿಂದ ಕಳಚಿ ಹೋಲ್ರಾಯ್ಡನ ಕೈಗಿತ್ತ.

ಹೋಲ್ರಾಯ್ಡ್ ಕಾಗದಗಳನ್ನು ತಂದ. “ರಸ್ತೆಗಿಳಿಸೋಕೆ ಬೇಕಾದ ತಪಾಸಣೆ ಪತ್ರ ಇನ್ನೂ ಮೂರು ವಾರ ನಡೆಯುತ್ತೆ. ವಿಮೆ ಮಾತ್ರ ನೀವೇ ನೋಡ್ಕೋಬೇಕಮ್ಮ.” ಲಿನೆಟ್ ಫೋನನ್ನು ಅವನ ಮುಖದೆದುರು ಹಿಡಿದಳು. ಅವನ ಅಂಗಡಿಯ ಜಾಹೀರಾತಿನಲ್ಲಿ ಹಸಿರು ಕಾರಿನ ನಂಬರನ್ನು ನೋಡಿ, ಬೆಳಗಿನ ತಿಂಡಿಗೂ ಮೊದಲೇ, ಅದೇ ಕಾರಿಗೆ ತನ್ನ ಹೆಸರಿನಲ್ಲಿ ಒಂದು ದಿನದ ವಿಮೆ ಮಾಡಿಸಿದ್ದಳು.

ಕಾರಿನ ಸೀಟು ನೆಲಕ್ಕೆ ತಾಗುವಷ್ಟು ತಗ್ಗಿನಲ್ಲಿತ್ತು. ಅವಳು ಎಡಗಡೆ ತೊಟ್ಟಿದ್ದ ಕೃತಕ ಕಾಲು ಎತ್ತ ತಿರುಗಿಸಿದರೂ ಒಳಗೆ ಹೊಂದಿಕೊಳ್ಳಲಿಲ್ಲ. ಲಿನೆಟ್ ಪ್ಯಾಂಟಿನ ಕಾಲನ್ನು ಮೇಲಕ್ಕೆ ಮಡಚಿ ಪಟ್ಟಿಗಳನ್ನು ಬಿಚ್ಚಿದಳು. ಲೇಸು ಬಿಗಿದ ಬೂಟಿನ ಸಮೇತ ಆ ಕಾಲನ್ನು ಕಿಟಕಿಯಿಂದ ಹೊರಚಾಚಿದಳು. ಕ್ಲೈವ್ ಅದನ್ನು ಎರಡೂ ಕೈಗಳಿಂದ ಹಿಡಿದು ನಿಂತ.

“ನಿನ್ನ ವ್ಯಾನಲ್ಲಿ ಪಕ್ಕದ ಸೀಟಲ್ಲಿ ಕೂರಿಸ್ಕೊಂಡು ಬಾ,” ಎಂದಳು ಲಿನೆಟ್, ಗೇರು ಹಾಕುತ್ತ. “ಬೆಲ್ಟ್ ಹಾಕೋದು ಮರೀಬೇಡ.”